ಇಂಪೋರ್ಟ್ ಸಾಲನ್ನು ಮುಟ್ಟಬೇಡಿ

ಪೈಥಾನಿನಲ್ಲಿ 'ಅಟೆಂಪ್ಟೆಡ್ ರಿಲೇಟಿವ್ ಇಂಪೋರ್ಟ್ ವಿತ್ ನೋ ನೋನ್ ಪೇರೆಂಟ್ ಪ್ಯಾಕೇಜ್' ಎಂಬ ಎರರ್ ಬಂದ ಕೂಡಲೇ ಎಲ್ಲರ ಕೈ ಹೋಗುವುದು ಇಂಪೋರ್ಟ್ ಸಾಲಿಗೇ, ಅಂದರೆ ಇನ್ನೊಂದು ಫೈಲಿನ ಕೋಡನ್ನು ತರಿಸಿಕೊಳ್ಳುವ ಸಾಲಿಗೆ. ಒಂದು ಚುಕ್ಕಿ ತೆಗೆಯುತ್ತಾರೆ, ಎರಡು ಹಾಕುತ್ತಾರೆ, ಕೊನೆಗೆ ಫೈಲಿನ ತಲೆಯ ಮೇಲೆ ಸಿಸ್.ಪಾತ್.ಅಪೆಂಡ್ (ಪೈಥಾನ್ ಹುಡುಕುವ ಫೋಲ್ಡರುಗಳ ಪಟ್ಟಿಗೆ, ಅಂದರೆ ಸಿಸ್.ಪಾತ್‌ಗೆ, ಇನ್ನೊಂದನ್ನು ಸೇರಿಸುವ ಸಾಲು) ಅಂಟಿಸುತ್ತಾರೆ. ಬಹುಪಾಲು ಸಲ ಆ ಸಾಲು ಸರಿಯಾಗಿಯೇ ಇರುತ್ತದೆ. ಎಡವಟ್ಟಾಗಿರುವುದು ಓಡಿಸಿದ ರೀತಿಯಲ್ಲಿ.

'ಅಂಗಡಿ' ಎಂಬ ಫೋಲ್ಡರಿನಲ್ಲಿ ಬಿಲ್.ಪಿವೈ, ತೆರಿಗೆ.ಪಿವೈ ಇವೆ ಎನ್ನಿ. ಬಿಲ್ ಫೈಲಿನ ಮೊದಲ ಸಾಲು 'ಫ್ರಮ್ .ತೆರಿಗೆ ಇಂಪೋರ್ಟ್ ದರ'. ಆ ಚುಕ್ಕಿಯ ಅರ್ಥ 'ನಾನಿರುವ ಪ್ಯಾಕೇಜು', ಅಂದರೆ ಮಾಡ್ಯೂಲುಗಳನ್ನು (ಪಿವೈ ಫೈಲುಗಳನ್ನು) ಇಟ್ಟ ಫೋಲ್ಡರು. ಆದರೆ 'ಪೈಥಾನ್ ಅಂಗಡಿ/ಬಿಲ್.ಪಿವೈ' ಎಂದು ಓಡಿಸಿದರೆ ಪೈಥಾನಿಗೆ ಅದು ಒಂಟಿ ಸ್ಕ್ರಿಪ್ಟು ಅಷ್ಟೇ. ಅದರ __ನೇಮ್__ '__ಮೇನ್__' ಆಗುತ್ತದೆ, __ಪ್ಯಾಕೇಜ್__ 'ನನ್' (ಏನೂ ಇಲ್ಲ) ಆಗುತ್ತದೆ. ಫೋಲ್ಡರನ್ನು ಪ್ಯಾಕೇಜೆಂದು ಗುರುತಿಸುವ __ಇನಿಟ್__.ಪಿವೈ ಫೈಲನ್ನು ಅಲ್ಲಿ ಇಟ್ಟರೂ ಇದು ಬದಲಾಗದು. ಸಿಸ್.ಪಾತ್‌ನ ಮೊದಲ ಜಾಗದಲ್ಲಿ ಕೂರುವುದೂ ಅಂಗಡಿ ಫೋಲ್ಡರೇ, ಅದರ ಮೇಲಿನದಲ್ಲ. ಹಾಗಾಗಿ 'ಫ್ರಮ್ ಅಂಗಡಿ.ತೆರಿಗೆ' ಎಂದು ಪೂರ್ತಿ ಹೆಸರು ಬರೆದರೂ 'ಮಾಡ್ಯೂಲ್ ನಾಟ್ ಫೌಂಡ್'.

ಅಂಗಡಿಯ ಹೊರಗಿನ ಫೋಲ್ಡರಿಗೆ ಹೋಗಿ 'ಪೈಥಾನ್ -ಎಂ ಅಂಗಡಿ.ಬಿಲ್' ಎಂದು ಓಡಿಸಿ. ಓರೆಗೆರೆ ಬೇಡ, ಕೊನೆಯಲ್ಲಿ .ಪಿವೈ ಬೇಡ. ಈಗ ಬಿಲ್‌ಗೆ ತನ್ನ ಪ್ಯಾಕೇಜು ಯಾವುದೆಂದು ಗೊತ್ತು.

ಚುಕ್ಕಿ ತೆಗೆದಾಗ ಓಡಿತಲ್ಲ ಎನ್ನುವವರಿದ್ದಾರೆ. ಓಡುತ್ತದೆ, ಆ ಫೈಲನ್ನೇ ನೇರ ಓಡಿಸುತ್ತಿರುವಷ್ಟು ದಿನ. ಟೆಸ್ಟ್ ಫೈಲಿನಿಂದ 'ಅಂಗಡಿ.ಬಿಲ್' ಎಂದು ತಂದ ದಿನ ಮುರಿಯುತ್ತದೆ. ಸಿಸ್.ಪಾತ್ ತಿದ್ದುವುದು ಇನ್ನೂ ಕೆಟ್ಟದ್ದು: ಒಂದೇ ಫೈಲು 'ತೆರಿಗೆ' ಎಂದೊಮ್ಮೆ, 'ಅಂಗಡಿ.ತೆರಿಗೆ' ಎಂದೊಮ್ಮೆ, ಎರಡು ಮಾಡ್ಯೂಲಾಗಿ ಲೋಡ್ ಆಗಬಹುದು. ಪ್ರೋಗ್ರಾಂ ಓಡುತ್ತಿರುವಾಗ ಒಂದರಲ್ಲಿ ದರವನ್ನು 18ಕ್ಕೆ ಬದಲಿಸಿದರೆ ಇನ್ನೊಂದರಲ್ಲಿ ಹಳೆಯ 12 ಹಾಗೇ ಉಳಿದಿರುತ್ತದೆ. ಎರರ್ ಬರುವುದಿಲ್ಲ, ಬಿಲ್ಲಿನ ಮೊತ್ತ ಮಾತ್ರ ತಪ್ಪಿರುತ್ತದೆ. ಇಂಥದ್ದನ್ನು ಹುಡುಕುವುದರಲ್ಲಿ ಹುಡುಗರ ದಿನಗಟ್ಟಲೆ ಶ್ರಮ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಎಲ್ಲಿಂದ ಬೇಕಾದರೂ ಓಡಬೇಕೆಂದರೆ ಅಂಗಡಿಯ ಹೊರಗೆ ಪೈಪ್ರಾಜೆಕ್ಟ್.ಟಾಮಲ್ (ಪ್ರಾಜೆಕ್ಟಿನ ವಿವರದ ಫೈಲು) ಬರೆದು, ವರ್ಚುವಲ್ ಎನ್ವಿರಾನ್‌ಮೆಂಟ್ (ಆ ಪ್ರಾಜೆಕ್ಟಿಗೇ ಮೀಸಲಾದ ಪೈಥಾನ್) ಒಳಗೆ ಅಲ್ಲಿಂದಲೇ 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ -ಇ .' ಕೊಡಿ. ಪಿಪ್ ಎಂದರೆ ಪ್ಯಾಕೇಜು ಇನ್‌ಸ್ಟಾಲ್ ಮಾಡುವ ಸಾಧನ; ಬರಿ 'ಪಿಪ್' ಎಂದು ಕೊಟ್ಟರೆ ಕೆಲವೊಮ್ಮೆ ಬೇರೆ ಪೈಥಾನಿನ ಪಿಪ್ ಎದ್ದು ಬರುತ್ತದೆ.

'ಪಾರ್ಷಿಯಲಿ ಇನಿಶಿಯಲೈಸ್ಡ್ ಮಾಡ್ಯೂಲ್' ಎಂಬ ಎರರ್‌ಗೆ ಈ ಮದ್ದು ನಾಟದು. ಅಲ್ಲಿ ಎರಡು ಫೈಲು ಒಂದನ್ನೊಂದು ಇಂಪೋರ್ಟ್ ಮಾಡುತ್ತಿರಬಹುದು, ಇಲ್ಲವೇ ನಿಮ್ಮದೇ ಫೈಲಿಗೆ ಪೈಥಾನಿನ ಜೊತೆಗೇ ಬರುವ ಮಾಡ್ಯೂಲಿನ ಹೆಸರನ್ನು, ಉದಾಹರಣೆಗೆ ರ‍್ಯಾಂಡಮ್.ಪಿವೈ ಎಂದು, ಇಟ್ಟಿರಬಹುದು. ಪೈಥಾನ್ 3.13 ಈ ಎರಡನೆಯದನ್ನು ತಾನೇ ಹೇಳಿ, ಹೆಸರು ಬದಲಿಸಲು ಸೂಚಿಸುತ್ತದೆ. ಹಳೆಯ ಆವೃತ್ತಿಯಾದರೆ ಆ ಮಾಡ್ಯೂಲಿನ __ಫೈಲ್__ ಪ್ರಿಂಟ್ ಮಾಡಿ, ಯಾವ ಫೋಲ್ಡರಿನಿಂದ ಬಂದಿದೆ ಎಂದು ನೋಡಿ.