ಭಾರತದ ಮೊದಲ ಭೂವಿಜ್ಞಾನಿಗಳು ಡಾಕ್ಟರುಗಳೇ ಆಗಿದ್ದು ಯಾಕೆ?

ಪಾರ್ಕಿನ್ಸನ್ ಕಾಯಿಲೆಯ ಹೆಸರು ಕೇಳದವರು ಕಡಿಮೆ. 1817ರಲ್ಲಿ ಅದರ ಬಗ್ಗೆ ಬರೆದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಕಲ್ಲಿನ ಹುಚ್ಚು ಹಿಡಿದವನೂ ಹೌದು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅಷ್ಟರೊಳಗೆ ಆತ ಪಳೆಯುಳಿಕೆಗಳ ಮೇಲೆ ಮೂರು ಸಂಪುಟ ಬರೆದು ಮುಗಿಸಿದ್ದ. 1807ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಊಟಕ್ಕೆ ಸೇರಿದ 13 ಮಂದಿ ಜಿಯಲಾಜಿಕಲ್ ಸೊಸೈಟಿ ಎಂಬ ಭೂವಿಜ್ಞಾನದ ಸಂಘ ಶುರು ಮಾಡಿದರು. ಅವರಲ್ಲಿ ಪಾರ್ಕಿನ್ಸನ್ ಸೇರಿ ನಾಲ್ವರು ವೈದ್ಯರು.

ಇದು ಸುಮ್ನೆ ಕೂಡಿಬಂದದ್ದಲ್ಲ. ಆಗ ಭೂವಿಜ್ಞಾನಕ್ಕೆ ಅಂತ ಡಿಗ್ರಿ ಇರಲಿಲ್ಲ, ಸಂಬಳವಂತೂ ಇರಲೇ ಇಲ್ಲ. ರಸಾಯನಶಾಸ್ತ್ರ, ಗಿಡಮರ, ಖನಿಜ ಇದನ್ನೆಲ್ಲ ಕ್ರಮವಾಗಿ ಕಲಿಯಬೇಕೆಂದರೆ ವೈದ್ಯಕೀಯಕ್ಕೆ ಸೇರುವುದೇ ಸುಲಭದ ದಾರಿ. ಔಷಧಿ ಬರುತ್ತಿದ್ದದ್ದೇ ಗಿಡದಿಂದ, ಖನಿಜದಿಂದ ಅಲ್ವಾ? ಆಧುನಿಕ ಭೂವಿಜ್ಞಾನದ ಪಿತಾಮಹ ಅನ್ನಿಸಿಕೊಂಡ ಜೇಮ್ಸ್ ಹಟನ್ 1749ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ವೈದ್ಯ ಪದವಿ ಪಡೆದ. ಆದರೆ ವೈದ್ಯ ವೃತ್ತಿಗೆ ಇಳಿಯಲೇ ಇಲ್ಲ. ಸ್ಕಾಟ್ಲೆಂಡಿಗೆ ಮರಳಿ ಬೇಸಾಯ ಮಾಡಿದ. ಹೊಲದ ಮಣ್ಣು ಕೊಚ್ಚಿಕೊಂಡು ಹೋಗುವುದನ್ನು ನೋಡುತ್ತಾ ಭೂಮಿಯ ವಯಸ್ಸಿನ ಬಗ್ಗೆ ಯೋಚಿಸಿದ.

ದೇಹ ಕೊಯ್ದು ಕಲಿತ ಕಣ್ಣೂ ಕೆಲಸಕ್ಕೆ ಬಂತು. 1666ರಲ್ಲಿ ಇಟಲಿಯ ಲಿವೋರ್ನೋ ಬಳಿ ಸಿಕ್ಕ ಭಾರಿ ಶಾರ್ಕಿನ ತಲೆಯನ್ನು ಅಂಗರಚನೆಯ ಪಂಡಿತ ನಿಕೊಲಸ್ ಸ್ಟೆನೊಗೆ ಕಳಿಸಿದರು. ಅದರ ಹಲ್ಲು ನೋಡಿದರೆ, ಜನ ನಾಲಿಗೆಕಲ್ಲು ಎನ್ನುತ್ತಿದ್ದ ಕಲ್ಲಿನ ಹಾಗೇ ಇದೆ! ಹಲ್ಲು ಬಂಡೆಯೊಳಗೆ ಹೋದದ್ದು ಹೇಗೆ ಎಂದು ಹುಡುಕುತ್ತಾ ಹೋದವನು 1669ರಲ್ಲಿ ಒಂದು ನಿಯಮ ಬರೆದ: ಪದರದ ಮೇಲೆ ಪದರ ಕೂತಿದ್ದರೆ ಕೆಳಗಿನದೇ ಹಳೆಯದು. ಇವತ್ತಿಗೂ ಭೂವಿಜ್ಞಾನದ ಮೊದಲ ಪಾಠಗಳಲ್ಲಿ ಅದೂ ಒಂದು.

ನಮ್ಮ ಕಡೆಯ ಕತೆಗೆ ಇನ್ನೊಂದು ಕಾರಣವಿದೆ. ಅದು ಈಸ್ಟ್ ಇಂಡಿಯಾ ಕಂಪನಿಯ ಜಿಪುಣತನ. ಪಡೆಯ ಜೊತೆ, ಸರ್ವೆ ತಂಡದ ಜೊತೆ ಒಬ್ಬ ಸರ್ಜನ್ ಹೇಗಿದ್ದರೂ ಬೇಕು. ಅವನಿಗೆ ಒಂದಿಷ್ಟು ವಿಜ್ಞಾನವೂ ಗೊತ್ತು. ಗಿಡ, ಕಲ್ಲು, ಅದಿರು ಎಲ್ಲವನ್ನೂ ಅವನೇ ನೋಡಿಕೊಳ್ಳಲಿ ಎಂದರೆ ಖರ್ಚು ಉಳಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕರ್ನಲ್ ಮೆಕೆಂಜಿಯ ಮೈಸೂರು ಸರ್ವೆಗೆ ಬಂದ ಬೆಂಜಮಿನ್ ಹೈನ್ ಅಂಥವನು. ಲಾಲ್‌ಬಾಗ್ ನೋಡಿಕೊಂಡ ಈ ಜರ್ಮನ್ ವೈದ್ಯನೇ ದಕ್ಷಿಣದ ವಜ್ರದ ಗಣಿ, ತಾಮ್ರ, ಕಬ್ಬಿಣದ ಕೆಲಸದ ಬಗ್ಗೆಯೂ ಬರೆದ.

ಇವರಲ್ಲಿ ಹೆಚ್ಚು ಹೆಸರಾದವನು ಫ್ರಾನ್ಸಿಸ್ ಬುಕಾನನ್. 1783ರಲ್ಲಿ ಎಡಿನ್‌ಬರಾದಲ್ಲಿ ವೈದ್ಯನಾದವನು. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ. ಗೆದ್ದ ನಾಡಲ್ಲಿ ಏನೇನು ಸಿಗುತ್ತದೆ ಅನ್ನೋದು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಿತ್ತು. ಹಾಗಾಗಿ ಅವನ ವರದಿಯಲ್ಲಿ ರಾಗಿ ಬೆಳೆ, ಕಬ್ಬಿಣ ಕರಗಿಸುವ ಕುಲುಮೆ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಎಳೆಯುತ್ತಿದ್ದ ಉಕ್ಕಿನ ತಂತಿ ಎಲ್ಲವೂ ಇದೆ. ಕರಾವಳಿಯವರು ಮನೆ ಕಟ್ಟುವ ಮುರಕಲ್ಲನ್ನು ವಿಜ್ಞಾನಕ್ಕೆ ‘ಲ್ಯಾಟರೈಟ್’ ಎಂದು ಪರಿಚಯಿಸಿದ್ದೂ ಇವನೇ. ಅದನ್ನು ಗಮನಿಸಿದ್ದು ಕೇರಳದ ಅಂಗಾಡಿಪುರದಲ್ಲಿ. ನೆಲದಲ್ಲಿರುವಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಈ ಗುಣ ಕಲ್ಲು ಕಡಿಯುವವರಿಗೆ ಯಾವತ್ತೋ ಗೊತ್ತಿತ್ತು. ಬುಕಾನನ್ ಮಾಡಿದ್ದು ಅದನ್ನು ಪುಸ್ತಕಕ್ಕೆ ಇಳಿಸಿದ್ದು. ಶ್ರೇಯಸ್ಸನ್ನು ಅಷ್ಟಕ್ಕೇ ಕೊಟ್ಟರೆ ಸಾಕು ಅನ್ನಿಸುತ್ತದೆ.

ಹೆನ್ರಿ ವೆಸ್ಲಿ ವಾಯ್ಸಿಯ ಪಾಡು ಬೇರೆ. ತ್ರಿಕೋನಗಳ ಲೆಕ್ಕದಲ್ಲಿ ಭಾರತದ ನೆಲ ಅಳೆಯುತ್ತಿದ್ದ ವಿಲಿಯಂ ಲ್ಯಾಂಬ್ಟನ್‌ನ ಮಹಾ ತ್ರಿಕೋನಮಿತಿ ಸರ್ವೆಗೆ ಸರ್ಜನ್ ಮತ್ತು ಭೂವಿಜ್ಞಾನಿ, ಎರಡೂ ಆಗಿ ಸೇರಿದವನು. ಹೈದರಾಬಾದ್ ಸೀಮೆಯ ಬಂಡೆಗಳನ್ನು ನಕ್ಷೆಗಿಳಿಸಿದ. ದಕ್ಷಿಣದ ವಜ್ರದ ಗಣಿಗಳನ್ನು ನೋಡಿ ಬರೆದ. 1824ರಲ್ಲಿ ಕಲ್ಕತ್ತೆಗೆ ಹೋಗುವ ದಾರಿಯಲ್ಲೇ ತೀರಿಕೊಂಡ. ಭಾರತದ ಭೂವಿಜ್ಞಾನದ ಪಿತಾಮಹ ಎಂದು ಅವನನ್ನು ಕರೆಯುವವರಿದ್ದಾರೆ, ಆದರೆ ಬದುಕಿದ್ದಾಗ ಅವನ ಕೆಲಸ ಅಚ್ಚಾದದ್ದು ಬಹಳ ಕಡಿಮೆ.

ಹ್ಯೂ ಫಾಲ್ಕನರ್ ಅದೃಷ್ಟವಂತ. ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ಈ ಸರ್ಜನ್, ಇಂಜಿನಿಯರ್ ಕಾಟ್ಲಿ ಜೊತೆ ಸೇರಿ ಶಿವಾಲಿಕ್ ಬೆಟ್ಟದಲ್ಲಿ ದೈತ್ಯ ಆಮೆ, ಜಿರಾಫೆಯ ಬಂಧು ಶಿವಥೀರಿಯಂ ಮುಂತಾದವುಗಳ ಮೂಳೆ ತೆಗೆದ. 1837ರಲ್ಲಿ ಇಬ್ಬರಿಗೂ ಲಂಡನ್ನಿನ ಅದೇ ಜಿಯಲಾಜಿಕಲ್ ಸೊಸೈಟಿಯ ವೊಲಾಸ್ಟನ್ ಪದಕ ಸಿಕ್ಕಿತು.

ಈ ವ್ಯವಸ್ಥೆಯನ್ನು ಮುರಿದದ್ದು ಕಲ್ಲಿದ್ದಲು. ಉಗಿ ಹಡಗುಗಳು ಬಂದ ಮೇಲೆ ಕಂಪನಿಗೆ ಕಲ್ಲಿದ್ದಲು ಬೇಕಾಯಿತು. ಎಲ್ಲಿ, ಎಷ್ಟು ಆಳದಲ್ಲಿ ಅನ್ನೋದನ್ನು ಬಿಡುವಿದ್ದಾಗ ಹುಡುಕುವವರಿಂದ ತಿಳಿಯುವುದು ಕಷ್ಟ. 1836ರಲ್ಲಿ ಅದಕ್ಕೆಂದೇ ಸಮಿತಿಯಾಯಿತು. ಅದರ ಕಾರ್ಯದರ್ಶಿ ಜಾನ್ ಮೆಕ್‌ಕ್ಲೆಲಂಡ್ ಕೂಡ ಡಾಕ್ಟರೇ! 1846ರಲ್ಲಿ ಬಂದ ವೃತ್ತಿಪರ ಸರ್ವೇಯರ್ ಡಿ. ಎಚ್. ವಿಲಿಯಮ್ಸ್ ಎರಡೇ ವರ್ಷದಲ್ಲಿ ಸತ್ತಾಗ ಹೊಣೆ ಮತ್ತೆ ಮೆಕ್‌ಕ್ಲೆಲಂಡ್ ಹೆಗಲಿಗೇ ಬಿತ್ತು. 1851ರಲ್ಲಿ ಐರ್ಲೆಂಡಿನ ಸರ್ವೆಯಲ್ಲಿ ಪಳಗಿದ ಥಾಮಸ್ ಓಲ್ಡ್‌ಹ್ಯಾಂ ಕಲ್ಕತ್ತೆಗೆ ಬಂದು ಕೂತ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಲೆಕ್ಕ ಶುರುವಾಗುವುದು ಅಲ್ಲಿಂದ. ಕಲ್ಲು ನೋಡುವುದೇ ಸಂಬಳದ ಕೆಲಸವಾಯಿತು.

1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ಮುಖ್ಯಸ್ಥನಾಗಿ ಬಂದ ರಾಬರ್ಟ್ ಬ್ರೂಸ್ ಫೂಟ್ 1858ರಲ್ಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ್ದವನು. ಕೋಲಾರದ ಚಿನ್ನದ ಗಣಿಗಳು ಜೋರಾಗಿದ್ದ ಆ ಹೊತ್ತಿಗೆ ಅದಿರಿನ ವಿಷಯ ಡಾಕ್ಟರನ್ನು ಕೇಳುವವರು ಯಾರೂ ಉಳಿದಿರಲಿಲ್ಲ.