ಸುತ್ತಿಗೆ ಬಿದ್ದ ಮೇಲೆ ಸ್ವರ ಏನಾಗ್ಬೇಕು? ಡೆಬ್ಯುಸಿಯ ಪಿಯಾನೋ ಕೃತಿಗಳು ಮೋಗ್ ಸಿಂಥಸೈಸರ್‌ಗೆ ಬಂದಾಗ

ಪಿಯಾನೋ ಕೀ ಒತ್ತಿದಾಗ ಒಳಗಡೆ ಫೆಲ್ಟ್ ಸುತ್ತಿದ ಸುತ್ತಿಗೆ ತಂತಿಗೆ ಹೊಡೆಯತ್ತೆ, ಹೊಡೆದ ಕ್ಷಣದಿಂದಲೇ ಸ್ವರ ಕುಗ್ಗೋಕೆ ಶುರು. ಆಮೇಲೆ ನುಡಿಸೋರ ಕೈಯಲ್ಲಿ ಹೆಚ್ಚೇನೂ ಇಲ್ಲ, ಕೀ ಹಿಡ್ಕೊಂಡಿರಬಹುದು, ಪೆಡಲ್ ಒತ್ತಬಹುದು, ಆದ್ರೆ ಆ ಸ್ವರಾನ ಮಧ್ಯದಲ್ಲಿ ಜೋರು ಮಾಡೋಕಾಗಲ್ಲ, ಎಳೆಯೋಕಾಗಲ್ಲ, ಬಣ್ಣ ಬದಲಾಯಿಸೋಕಾಗಲ್ಲ. ಪಿಯಾನೋಗೆ ಬರೆದ ಕಂಪೋಸರ್‌ಗಳೆಲ್ಲ ಈ ಕುಗ್ಗುವಿಕೆಯನ್ನ ತಲೇಲಿಟ್ಕೊಂಡೇ ಬರೆದ್ರು. ಅದೇ ಕೃತೀನ ಸಿಂಥಸೈಸರ್‌ಗೆ, ಅಂದ್ರೆ ಕರೆಂಟಿನಿಂದ ಸ್ವರ ಹುಟ್ಟಿಸೋ ವಾದ್ಯಕ್ಕೆ, ತಂದ್ರೆ ಮೊದಲನೇ ಸ್ವರದಲ್ಲೇ ತಕರಾರು ಬರತ್ತೆ, ಯಾಕಂದ್ರೆ ಅದರೊಳಗೆ ಸ್ವರ ಹುಟ್ಟಿಸೋ ಆಸಿಲೇಟರ್ ತಾನಾಗಿ ನಿಲ್ಲಲ್ಲ, ಕರೆಂಟ್ ಇರೋವರೆಗೂ ಕೂಗ್ತಾನೇ ಇರತ್ತೆ. ಯಾವಾಗ ಅಡಗಬೇಕು, ಹೇಗೆ ಅಡಗಬೇಕು ಅಂತ ಪ್ರತಿ ಸ್ವರಕ್ಕೂ ನಾವೇ ಹೇಳ್ಬೇಕು. ಪಿಯಾನೋ ಕೃತೀನ ಸಿಂಥ್‌ಗೆ ತರೋ ಕೆಲಸದ ಮುಕ್ಕಾಲು ಪಾಲು ಇದೇ.

ಸ್ಟುಡಿಯೋಗಳಿಗೆ ಸಿಂಥ್ ಪ್ರೋಗ್ರಾಮಿಂಗ್ ಮಾಡೋದು ನನ್ನ ವೃತ್ತಿ. ಕಲಿಯೋಕೆ ಬರೋ ಹುಡುಗ್ರು ಫ್ರಾನ್ಸಿನ ಕಂಪೋಸರ್ ಡೆಬ್ಯುಸಿದೋ ಶೋಪಾಂದೋ ಮಿಡಿ ಫೈಲ್ (ಯಾವ ಸ್ವರ ಯಾವಾಗ ಅಂತ ಬರೆದಿಟ್ಟ ಕಂಪ್ಯೂಟರ್ ಫೈಲು) ಡೌನ್‌ಲೋಡ್ ಮಾಡಿ ಒಂದು ಒಳ್ಳೆ ಪ್ರೀಸೆಟ್ (ಮೊದಲೇ ತಯಾರಿರೋ ಸೌಂಡು) ಹಾಕ್ಕೊಂಡು ಬಂದು "ಸರ್, ಸೌಂಡ್ ಚೆನ್ನಾಗಿದೆ ಆದ್ರೆ ಜೀವಾನೇ ಇಲ್ಲ" ಅಂತಾರೆ. ಅವರಿಗೆ ನಾನು ಮೊದಲು ಕೇಳಿಸೋದು 1974ರ ಒಂದು ರೆಕಾರ್ಡು, ಜಪಾನಿನ ಇಸಾವೊ ತೊಮಿತಾ ಮಾಡಿದ ‘ಸ್ನೋಫ್ಲೇಕ್ಸ್ ಆರ್ ಡ್ಯಾನ್ಸಿಂಗ್’. ಅದರಲ್ಲಿರೋದೆಲ್ಲ ಡೆಬ್ಯುಸಿಯ ಕೃತಿಗಳು, ಹೆಚ್ಚಿನವು ಪಿಯಾನೋಗೇ ಬರೆದವು. ನುಡಿಸಿರೋದು ಮಾಡ್ಯುಲರ್ ಮೋಗ್‌ನಲ್ಲಿ, ಅಂದ್ರೆ ಬಿಡಿ ಭಾಗಗಳನ್ನ ವೈರ್‌ನಿಂದ ಜೋಡಿಸೋ ಸಿಂಥಸೈಸರ್‌ನಲ್ಲಿ, ಜೊತೆಗೆ ಕೋರಸ್ ದನಿಗೆ ಮೆಲೊಟ್ರಾನ್ (ಟೇಪಿನಲ್ಲಿರೋ ದನಿಗಳನ್ನ ನುಡಿಸೋ ಕೀಬೋರ್ಡು). ಮುಂದಿನ ವರ್ಷ ಅದಕ್ಕೆ ನಾಲ್ಕು ಗ್ರ್ಯಾಮಿ ನಾಮಿನೇಷನ್ ಬಂತು.

ತೊಮಿತಾ ಮಾಡಿದ್ದು ಎಷ್ಟು ಕಷ್ಟದ್ದು ಅಂತ ಗೊತ್ತಾಗ್ಬೇಕಾದ್ರೆ ಅವರಿಗಿಂತ ಮುಂಚೆ ಅಮೆರಿಕದ ವೆಂಡಿ ಕಾರ್ಲೋಸ್ ಮೋಗ್‌ನಲ್ಲೇ ಮಾಡಿದ್ದನ್ನ ನೋಡ್ಬೇಕು. 1968ರ ‘ಸ್ವಿಚ್ಡ್ ಆನ್ ಬಾಖ್’ ರೆಕಾರ್ಡ್‌ನಲ್ಲಿ ಜರ್ಮನಿಯ ಹಳೇ ಕಂಪೋಸರ್ ಬಾಖ್‌ನ ಎರಡು ದನಿಯ ಇನ್ವೆನ್ಷನ್ ಅನ್ನೋ ಸಣ್ಣ ಕೃತಿಗಳಿವೆ, ಬಲಗೈಗೊಂದು ಲೈನ್ ಎಡಗೈಗೊಂದು ಲೈನ್, ಎರಡೂ ಸ್ವತಂತ್ರವಾಗಿ ಓಡ್ತವೆ. ಮೋಗ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸೋ ಯಂತ್ರ, ಹಾಗಾಗಿ ಒಂದು ಲೈನ್ ಟೇಪಿಗೆ ಹಾಕಿ ಆಮೇಲೆ ಇನ್ನೊಂದನ್ನ ಅದರ ಮೇಲೆ ಸೇರಿಸ್ಕೋಬೇಕು. ಬಾಖ್‌ಗೆ ಇದು ಹೇಳಿ ಮಾಡಿಸಿದ ಹಾಗಿತ್ತು, ಎರಡು ಲೈನ್‌ಗೆ ಎರಡು ಬೇರೆ ಬೇರೆ ದನಿ ಕೊಟ್ರೆ ಪಿಯಾನೋದಲ್ಲಿ ಒಂದರೊಳಗೊಂದು ಸೇರ್ಕೊಂಡು ಕೇಳೋ ಜಾಗಗಳೂ ಬಿಡಿಬಿಡಿಯಾಗಿ ಕೇಳಿಸ್ತವೆ. ಆ ರೆಕಾರ್ಡ್ ಯಶಸ್ವಿಯಾಗಿದ್ದಕ್ಕೆ ಕಾರ್ಲೋಸ್ ಅವರ ಕೈಚಳಕ ಎಷ್ಟು ಕಾರಣವೋ ಕೃತಿಯ ಆಯ್ಕೆನೂ ಅಷ್ಟೇ ಕಾರಣ ಅನ್ನೋದು ನನ್ನ ಅಭಿಪ್ರಾಯ.

ಡೆಬ್ಯುಸಿ ಹಾಗಲ್ಲ. ಅಲ್ಲಿ ಲೈನ್ ಅನ್ನೋದೇ ಎಷ್ಟೋ ಕಡೆ ಕೈಗೆ ಸಿಗಲ್ಲ, ಪೆಡಲ್ ಕೆಳಗೆ ಒಂದು ಬೇಸ್ ಸ್ವರ ಮೊಳಗ್ತಾ ಇರತ್ತೆ, ಅದರ ಮೇಲೆ ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗುಚ್ಛಗಳು) ಬಂದು ಒಂದಕ್ಕೊಂದು ಕರಗ್ತವೆ, ಯಾವ ಸ್ವರ ರಾಗದ್ದು (ಮೆಲೊಡಿದು) ಯಾವುದು ಬರೀ ಅನುರಣನೆಗೆ ಇಟ್ಟಿದ್ದು ಅಂತ ಸ್ಕೋರ್ ನೋಡಿದ ತಕ್ಷಣ ಗೊತ್ತಾಗಲ್ಲ. ನಾನು ಈಗಲೂ ಸ್ಕೋರ್ ಪ್ರಿಂಟ್ ತೆಗೆದು ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಮಾಡ್ಕೋತೀನಿ, ರಾಗಕ್ಕೊಂದು ಬಣ್ಣ, ಬೇಸ್‌ಗೊಂದು, ಒಳಗಿನ ಓಡಾಟಕ್ಕೊಂದು, ಬರೀ ಮಂಜಿನ ಥರ ನಿಲ್ಲೋ ಸ್ವರಗಳಿಗೊಂದು. ಈ ಹಂಚಿಕೆ ತಪ್ಪಿದ್ರೆ ಮುಂದೆ ಎಂಥಾ ಸೌಂಡ್ ಹಾಕಿದ್ರೂ ಕೂರಲ್ಲ. ಉದಾಹರಣೆಗೆ ಡೆಬ್ಯುಸಿಯ ‘ಮೊದಲನೇ ಅರಬೆಸ್ಕ್’ ಅನ್ನೋ ಪಿಯಾನೋ ಕೃತಿ ತಗೊಳ್ಳಿ, ಬಲಗೈ ಮೂರು ಸ್ವರ ನುಡಿಸೋ ಹೊತ್ತಲ್ಲಿ ಎಡಗೈ ಎರಡು ನುಡಿಸತ್ತೆ. ಪಿಯಾನೋದಲ್ಲಿ ಎರಡೂ ಕೈಗೆ ಒಂದೇ ದನಿ ಇರೋದ್ರಿಂದ ಆ ಮೂರು–ಎರಡು ಸೇರಿ ಒಂದೇ ಅಲೆ ಆಗತ್ತೆ. ಸಿಂಥ್‌ನಲ್ಲಿ ಎರಡಕ್ಕೂ ಬೇರೆ ಬೇರೆ ದನಿ ಕೊಟ್ಟು ನೋಡಿ, ಅಲೆ ಒಡೆದುಹೋಗಿ ಬರೀ ತಾಳದ ಲೆಕ್ಕ ಕೇಳಿಸತ್ತೆ. ಎರಡಕ್ಕೂ ಒಂದೇ ಪ್ಯಾಚ್ (ಸೌಂಡಿನ ಸೆಟ್ಟಿಂಗು) ಇಟ್ಟು ಎಡಗೈದರ ಫಿಲ್ಟರ್ (ದನಿಯ ಹೊಳಪು ಹೆಚ್ಚುಕಮ್ಮಿ ಮಾಡೋ ಭಾಗ) ಮಾತ್ರ ಸ್ವಲ್ಪ ಮುಚ್ಚಿದ್ರೆ ಸರಿಹೋಗತ್ತೆ.

ಆ ಕಾಲದ ಯಂತ್ರದ ಬಗ್ಗೆನೂ ಸ್ವಲ್ಪ ಹೇಳ್ಬೇಕು. ಬಾಬ್ ಮೋಗ್ 1964ರಲ್ಲಿ ಕಟ್ಟೋಕೆ ಶುರು ಮಾಡಿದ ಈ ಸಿಸ್ಟಮ್‌ನಲ್ಲಿ ಶ್ರುತಿ ಅಂದ್ರೆ ವೋಲ್ಟೇಜು, ಒಂದು ವೋಲ್ಟ್ ಜಾಸ್ತಿಯಾದ್ರೆ ಒಂದು ಆಕ್ಟೇವ್ (ಒಂದು ಸ್ಥಾಯಿ) ಮೇಲೆ. ಹಂಗಂದ್ರೆ ಆಕ್ಟೇವ್‌ನ ಹನ್ನೆರಡನೇ ಒಂದು ಪಾಲಾದ ಸೆಮಿಟೋನ್‌ಗೆ ಸುಮಾರು 83 ಮಿಲಿವೋಲ್ಟ್, ಬರೀ 8 ಮಿಲಿವೋಲ್ಟ್ ಅತ್ತಿತ್ತ ಆದ್ರೂ ಅಪಸ್ವರ ಅಂತ ಕಿವಿಗೆ ತಿಳಿಯತ್ತೆ. ಟ್ರಾನ್ಸಿಸ್ಟರ್‌ಗಳು ಬಿಸಿಗೆ ಬದಲಾಗ್ತವೆ, ರೂಮಿನ ಶಾಖ ಏರಿದ್ರೆ ಶ್ರುತಿ ಜಾರತ್ತೆ, ಅದಕ್ಕೇ ಸ್ವಲ್ಪ ಸ್ವಲ್ಪಾನೇ ರೆಕಾರ್ಡ್ ಮಾಡಿ ಮತ್ತೆ ಮತ್ತೆ ಟ್ಯೂನ್ ಮಾಡ್ಕೋಬೇಕಿತ್ತು. ಸಾಮಾನ್ಯ ಮೋಗ್ ಕೀಬೋರ್ಡ್‌ಗೆ ನೀವು ಮೆತ್ತಗೆ ಒತ್ತಿದ್ರೋ ಜೋರಾಗಿ ಒತ್ತಿದ್ರೋ ಗೊತ್ತೇ ಆಗ್ತಿರ್ಲಿಲ್ಲ, ಯಾವ ಕೀ ಅಂತ ಮಾತ್ರ ಗೊತ್ತಾಗೋದು. ಪಿಯಾನೋದ ಪೂರ್ತಿ ಹೆಸರಾದ ಪಿಯಾನೋಫೋರ್ಟೆಯಲ್ಲೇ ಮೆತ್ತಗೆ–ಜೋರು ಇದ್ರೆ ಇಲ್ಲಿ ಅದನ್ನೆಲ್ಲ ಇನ್ನೊಂದು ಕೈಯಲ್ಲಿ ನಾಬ್ ತಿರುಗಿಸ್ತಾ ಮಾಡ್ಬೇಕು, ಒಂದು ಕೈ ಸ್ವರಕ್ಕೆ, ಒಂದು ಕೈ ಉಸಿರಿಗೆ. ಇಷ್ಟರ ಮೇಲೆ ತೊಮಿತಾ ಅವರ ಮೋಗ್ ಜಪಾನಿಗೆ ಬಂದಾಗ ಕಸ್ಟಮ್ಸ್‌ನೋರು ಇದು ವಾದ್ಯ ಅಂತ ನಂಬಲೇ ಇಲ್ಲ, ಮಿಲಿಟರಿ ಸಾಮಾನೇನೋ ಅಂತ ಅನುಮಾನಪಟ್ಟು ತಡೆಹಿಡಿದ್ರು ಅಂತ ಅವರೇ ಹೇಳ್ಕೊಂಡಿದಾರೆ. ಬಿಡಿಸ್ಕೊಂಡು ಬಂದ್ಮೇಲೆ ಯಾವ ವೈರ್ ಎಲ್ಲಿಗೆ ಹಾಕಿದ್ರೆ ಯಾವ ಸೌಂಡ್ ಬರತ್ತೆ ಅನ್ನೋದನ್ನ ಅವರೇ ಕೂತು ಹುಡುಕ್ಬೇಕಾಯ್ತು.

ಈಗ ಅಸಲಿ ವಿಷಯ, ಎನ್ವಲಪ್, ಅಂದ್ರೆ ಒಂದು ಸ್ವರ ಹೇಗೆ ಏರಿ ಹೇಗೆ ಅಡಗತ್ತೆ ಅನ್ನೋದು. ಅಟ್ಯಾಕ್ (ಏರೋ ಹೊತ್ತು), ಡಿಕೇ (ಕುಗ್ಗೋ ಹೊತ್ತು), ಸಸ್ಟೇನ್ (ಕೀ ಹಿಡಿದಿರೋವರೆಗೂ ನಿಲ್ಲೋ ಮಟ್ಟ), ರಿಲೀಸ್ (ಕೀ ಬಿಟ್ಟ ಮೇಲೆ ಅಡಗೋ ಹೊತ್ತು) ಅಂತ ನಾಲ್ಕು. ಪಿಯಾನೋದಲ್ಲಿ ಅಟ್ಯಾಕ್ ಹೆಚ್ಚುಕಮ್ಮಿ ಸೊನ್ನೆ, ಸಸ್ಟೇನೂ ಸೊನ್ನೆ. ಡಿಕೇ ಎರಡು ಹಂತದ್ದು, ಹೆಚ್ಚಿನ ಸ್ವರಗಳಿಗೆ ಎರಡೋ ಮೂರೋ ತಂತಿ ಇರತ್ತಲ್ಲ, ಅವು ಮೊದಲು ಒಟ್ಟಿಗೆ ಬೇಗ ಕುಗ್ಗಿ ಆಮೇಲೆ ಉಳಿದದ್ದು ನಿಧಾನಕ್ಕೆ ಹೋಗತ್ತೆ. ಮಂದ್ರದ ಸ್ವರ ತುಂಬಾ ಹೊತ್ತು ನಿಲ್ಲತ್ತೆ, ತಾರದ್ದು ಬೇಗ ಮುಗಿಯತ್ತೆ. ದನಿ ಕುಗ್ಗೋದಕ್ಕಿಂತ ಮುಂಚೆ ಅದರ ಹೊಳಪು ಹೋಗತ್ತೆ, ಅಂದ್ರೆ ಫಿಲ್ಟರ್ ಎನ್ವಲಪ್ಪು ವಾಲ್ಯೂಮ್ ಎನ್ವಲಪ್ಪಿಗಿಂತ ಬೇಗ ಮುಚ್ಚಬೇಕು. ಹುಡುಗ್ರು ತರೋ ಫೈಲ್‌ಗಳಲ್ಲಿ ಹೆಚ್ಚಿನ ಸಲ ಸಸ್ಟೇನ್ ಅರ್ಧಕ್ಕೆ ಏರಿಸಿರ್ತಾರೆ, ಆವಾಗ ಪಿಯಾನೋಗೆ ಬರೆದ ಪೀಸು ಆರ್ಗನ್ ಪೀಸಾಗಿಬಿಡತ್ತೆ, ಪ್ರತಿ ಸ್ವರ ಪಕ್ಕದ ಸ್ವರದ ಜಾಗಾನ ಆಕ್ರಮಿಸತ್ತೆ. ಮೊದಲು ಸಸ್ಟೇನ್ ಸೊನ್ನೆಗಿಳಿಸಿ, ಆಮೇಲೆ ಎಲ್ಲಿ ಏರಿಸ್ಬೇಕು ಅಂತ ಒಂದೊಂದೇ ಸ್ವರಕ್ಕೆ ಕಾರಣ ಹುಡುಕಿ.

ತೊಮಿತಾ ಪಿಯಾನೋನ ಅನುಕರಣೆ ಮಾಡೋಕೆ ಹೋಗ್ಲೇ ಇಲ್ಲ, ಸುತ್ತಿಗೇನೇ ತೆಗೆದುಹಾಕಿದ್ರು. ‘ಮುಳುಗಿದ ಕೆಥೆಡ್ರಲ್’ ಕೇಳಿ. ಇದು ಡೆಬ್ಯುಸಿಯ 1910ರ ಪ್ರೆಲ್ಯೂಡ್ (ಒಂದು ಸಣ್ಣ ಪಿಯಾನೋ ಕೃತಿ), ಹಿಂದೆ ಇರೋದು ಫ್ರಾನ್ಸಿನ ಬ್ರಿಟನಿಯ ಕಥೆ, ಸಮುದ್ರದಲ್ಲಿ ಮುಳುಗಿದ ಈಸ್ ಅನ್ನೋ ಊರಿನ ಕೆಥೆಡ್ರಲ್ಲು (ದೊಡ್ಡ ಚರ್ಚು) ಬೆಳಗಿನ ಜಾವ ನೀರಿಂದ ಮೇಲೆದ್ದು ಬಂದು ಮತ್ತೆ ಮುಳುಗತ್ತೆ. ಡೆಬ್ಯುಸಿ ಸ್ಕೋರ್‌ನಲ್ಲೇ ಮೆಲ್ಲಗೆ ಮೊಳಗೋ ಮಂಜಿನಲ್ಲಿ ಅಂತ ಬರೆದಿದಾರೆ. ಪಿಯಾನೋದಲ್ಲಿ ಆ ಶುರುವಿನ ಕಾರ್ಡು ಮೊಳಗಿ ಕುಗ್ಗಿಹೋಗತ್ತೆ, ಅದು ಇನ್ನೂ ಇದೆ ಅಂತ ಕೇಳೋರು ಮನಸ್ಸಲ್ಲೇ ತುಂಬ್ಕೋತಾರೆ. ಸಿಂಥ್‌ನಲ್ಲಿ ಅದನ್ನ ನಿಜವಾಗ್ಲೂ ಇಡಬಹುದು, ಅಷ್ಟೇ ಅಲ್ಲ, ಸೊನ್ನೆಯಿಂದ ಮೇಲಕ್ಕೆ ಬೆಳೆಸ್ತಾ ಹೋಗಬಹುದು, ಪಿಯಾನೋಗೆ ಯಾವತ್ತೂ ಸಾಧ್ಯವಿಲ್ಲದ್ದು ಅದು. ಈ ಕೃತಿಗೆ ಅದು ಸರಿ ಅನ್ನೋದು ನನ್ನ ನಂಬಿಕೆ, ಯಾಕಂದ್ರೆ ಅದರಲ್ಲಿರೋ ಘಂಟೆ, ಪಾದ್ರಿಗಳ ಹಾಡು, ಆರ್ಗನ್ ಎಲ್ಲವೂ ತುಂಬಾ ಹೊತ್ತು ಮೊಳಗೋ ದನಿಗಳೇ. ಪಿಯಾನೋ ಪ್ರೇಮಿಗಳು ಕೇಳೋರ ಕಲ್ಪನೆಗೆ ಜಾಗ ಬಿಡಲಿಲ್ಲ ಅಂತಾರೆ, ಆ ಮಾತಲ್ಲೂ ತೂಕ ಇದೆ, ಎಲ್ಲ ಕೃತಿಗೂ ಹೀಗೆ ಮಾಡಿದ್ರೆ ನಾನೂ ಅದನ್ನೇ ಹೇಳ್ತೀನಿ.

ಇದೇ ಥರದ ಕೃತಿಗಳಿಗೆ ಹಳೇ ಮೋಗ್‌ನ ಒಂದು ಗುಣ ತುಂಬಾ ಉಪಯೋಗಕ್ಕೆ ಬರತ್ತೆ. ಒಂದು ಸ್ವರದ ಯಂತ್ರ ಅಂದೆನಲ್ಲ, ಆದ್ರೆ ಮೂರು ಆಸಿಲೇಟರನ್ನ ಒಂದು ಕಾರ್ಡ್‌ಗೆ ಟ್ಯೂನ್ ಮಾಡಿ ಮೂರಕ್ಕೂ ಒಂದೇ ವೋಲ್ಟೇಜ್ ಕೊಟ್ರೆ ಒಂದು ಬೆರಳಲ್ಲಿ ಇಡೀ ಕಾರ್ಡು ಹಾಗೇ ಮೇಲೆ ಕೆಳಗೆ ಜರುಗತ್ತೆ. ಡೆಬ್ಯುಸಿ ಕಾರ್ಡ್‌ಗಳನ್ನ ಹೀಗೆ ಸಾಲಾಗಿ ಜರುಗಿಸೋದ್ರಲ್ಲಿ ಹೆಸರುವಾಸಿ. ಕಾರ್ಡ್‌ನೊಳಗಿನ ಸ್ವರಗಳ ಅಂತರ ಬದಲಾಗಿ ಮೇಜರ್ ಇದ್ದದ್ದು ಮೈನರ್ ಆಗೋ ಕಡೆ ಮಾತ್ರ ಈ ಉಪಾಯ ನಡೆಯಲ್ಲ, ಅಲ್ಲಿ ಬಿಡಿಬಿಡಿಯಾಗೇ ನುಡಿಸ್ಬೇಕು. ಇನ್ನೊಂದು ಪೋರ್ಟಮೆಂಟೋ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು, ವೀಣೆಯಲ್ಲಿ ತಂತಿ ಎಳೆದಾಗ ಬರೋ ಜಾರು ಕೇಳಿದ ನಮ್ಮ ಕಿವಿಗೆ ಇದು ಸಹಜ ಅನ್ಸತ್ತೆ. ತೊಮಿತಾ ಅವರ ಸಿಳ್ಳೆಯಂಥ ದನಿಗಳಲ್ಲಿ ಇದು ಧಾರಾಳವಾಗಿದೆ. ನನಗೆ ಇಷ್ಟ, ಆದ್ರೆ ಪ್ರತಿ ಸ್ವರಕ್ಕೂ ಹಾಕೋದು ಬೇಡ, ದೊಡ್ಡ ಜಿಗಿತಕ್ಕೆ ಮಾತ್ರ ಇಟ್ಕೊಳ್ಳಿ.

ಲಯದ ವಿಷಯದಲ್ಲಿ ಒಂದೇ ಮಾತು, ಕ್ಲಿಕ್ ಟ್ರ್ಯಾಕ್‌ಗೆ (ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನೋ ತಾಳಕ್ಕೆ) ಡೆಬ್ಯುಸಿಯನ್ನ ಕಟ್ಟಿಹಾಕ್ಬೇಡಿ. ಇಡೀ ಪೀಸನ್ನ ಮೊದಲು ಪಿಯಾನೋದಲ್ಲಿ ಯಾರಾದ್ರೂ ಚೆನ್ನಾಗಿ ನುಡಿಸೋರ ಹತ್ರ ನುಡಿಸಿ ಗೈಡ್ ಟ್ರ್ಯಾಕ್ ಮಾಡ್ಕೊಳ್ಳಿ, ಲೇಯರ್‌ಗಳೆಲ್ಲ ಅದನ್ನ ಕೇಳ್ತಾ ಬರ್ಲಿ, ಕೊನೇಗೆ ಗೈಡ್ ತೆಗೀರಿ. ಡೆಬ್ಯುಸಿ ತಾವೇ ನುಡಿಸಿ ವೆಲ್ಟೆ ಕಂಪನಿಯ ವೆಲ್ಟೆ ಮಿನ್ಯೋನ್ ಪಿಯಾನೋ ರೋಲ್‌ಗೆ (ನುಡಿಸಿದ್ದನ್ನ ತೂತುಗಳಾಗಿ ದಾಖಲಿಸೋ ಕಾಗದದ ಸುರುಳಿಗೆ) ಕೊಟ್ಟ ‘ಮುಳುಗಿದ ಕೆಥೆಡ್ರಲ್’ ಇದೆ, ಅದರಲ್ಲಿ ಕೆಲವು ಭಾಗಗಳನ್ನ ಅಚ್ಚಾದ ಸ್ಕೋರ್ ಓದಿದ್ರೆ ಬರೋದಕ್ಕಿಂತ ಎರಡರಷ್ಟು ವೇಗದಲ್ಲಿ ನುಡಿಸಿದಾರೆ. ಟೆಂಪೋ ಮ್ಯಾಪ್ (ಎಲ್ಲೆಲ್ಲಿ ಎಷ್ಟು ವೇಗ ಅನ್ನೋ ಪಟ್ಟಿ) ಮಾಡೋ ಮುಂಚೆ ಅದನ್ನ ಕೇಳಲೇಬೇಕು.

ಶುರು ಮಾಡೋರಿಗೆ ನಾನು ಕೊಡೋದು ‘ಹಿಮದಲ್ಲಿ ಹೆಜ್ಜೆಗಳು’ ಪ್ರೆಲ್ಯೂಡು. ಬರೀ 36 ಬಾರ್ (ತಾಳದ ಆವರ್ತ). ರೆ–ಮಿ, ಮಿ–ಫಾ ಅಂತ ಒಂದು ಸಣ್ಣ ನಡಿಗೆ ಮತ್ತೆ ಮತ್ತೆ ಬರತ್ತೆ, ಅದು ದುಃಖದ, ಹೆಪ್ಪುಗಟ್ಟಿದ ಬಯಲಿನ ಹಿನ್ನೆಲೆಯಂತೆ ಕೇಳಿಸ್ಬೇಕು ಅಂತ ಡೆಬ್ಯುಸಿ ಬರೆದಿದಾರೆ. ಇಲ್ಲಿ ಕೆಥೆಡ್ರಲ್ ಥರ ಸ್ವರ ಹಿಡಿದಿಡೋದು ತಪ್ಪು, ಇದು ನಿಂತಿರೋದೇ ಕುಗ್ಗೋ ಸ್ವರದ ಮೇಲೆ. ಸಾಫ್ಟ್‌ವೇರ್ ಸಿಂಥ್ ಇದ್ರೂ ಮೋನೋ ಮೋಡ್‌ಗೆ (ಒಂದು ಸಲಕ್ಕೆ ಒಂದೇ ಸ್ವರ) ಹಾಕಿ, ಸಸ್ಟೇನ್ ಸೊನ್ನೆ ಮಾಡಿ, ನಡಿಗೆಯನ್ನ ಕಾಪಿ ಪೇಸ್ಟ್ ಮಾಡದೆ 36 ಬಾರೂ ಕೈಯಲ್ಲೇ ನುಡಿಸಿ, ನುಡಿಸ್ತಾ ಇನ್ನೊಂದು ಕೈಯಲ್ಲಿ ಫಿಲ್ಟರ್ ನಾಬ್ ಹಿಡ್ಕೊಂಡಿರಿ. ಅದು ಸರಿಯಾಗಿ ಕೂತ್ಮೇಲೆ ರಾಗ, ಆಮೇಲೆ ಬೇಸ್, ಒಳಗಿನ ಸ್ವರಗಳು ಒಂದೊಂದಾಗಿ ಬೇರೆ ಟ್ರ್ಯಾಕ್‌ಗಳಲ್ಲಿ. ರಿವರ್ಬ್ (ದೊಡ್ಡ ಹಾಲಿನಂಥ ಮಾರ್ದನಿ) ಎಲ್ಲಕ್ಕಿಂತ ಕೊನೇಗೆ.