ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಪರದೆ, ಬೀಗ, ನಿದ್ದೆ: ಒಂದಲ್ಲ, ಮೂರು ಗಡಿಯಾರಗಳು

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದ ನಮ್ಮಲ್ಲಿ ಹಲವರಿಗೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಶಾಲೆಯಿಂದಲೇ ಪರಿಚಿತ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಬೇರೂರಿದ ಸ್ವತಂತ್ರ ತಂತ್ರಾಂಶ, ಆ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ಬಳಿಕವೂ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಆಧಾರಿತ ವ್ಯವಸ್ಥೆಯ ರೂಪದಲ್ಲಿ ತರಗತಿಗಳಲ್ಲಿ ಮುಂದುವರಿದಿದೆ. ಆದರೆ ಶಾಲೆಯ ಯಂತ್ರಗಳನ್ನು ಅಧ್ಯಾಪಕರು ಮೊದಲೇ ಹೊಂದಿಸಿ ಇಟ್ಟಿರುತ್ತಿದ್ದರು. ಮನೆಗೆ ಹಳೆಯ ಲ್ಯಾಪ್‌ಟಾಪ್ ತಂದು ಅದರಲ್ಲಿ ನಾವೇ ಉಬುಂಟು ಹಾಕಿದಾಗಲೇ, ಓದುತ್ತಿರುವಾಗ ಪರದೆ ಕಪ್ಪಾಗುವುದು, ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುವುದು, ಡೌನ್‌ಲೋಡ್ ಅರ್ಧದಲ್ಲಿ ನಿಲ್ಲುವುದು ಮೊದಲಾದ ತೊಡಕುಗಳು ಎದುರಾಗುತ್ತವೆ. ಇವೆಲ್ಲವೂ ಒಂದೇ ಸೆಟ್ಟಿಂಗಿನ ಫಲವೆಂದು ನಾನು ಬಹಳ ಕಾಲ ತಿಳಿದಿದ್ದೆ. ಹಾಗಲ್ಲ, ಇವು ಮೂರು ಬೇರೆ ಬೇರೆ ಕ್ರಿಯೆಗಳು, ಮೂರಕ್ಕೂ ಬೇರೆ ಬೇರೆ ಗಡಿಯಾರಗಳಿವೆ. ಗ್ನೋಮ್ ಡೆಸ್ಕ್‌ಟಾಪ್ (ಉಬುಂಟುವಿನಲ್ಲಿ ಕಿಟಕಿ, ಮೆನು, ಸೆಟ್ಟಿಂಗ್ಸ್‌ಗಳನ್ನು ತೋರಿಸುವ ವ್ಯವಸ್ಥೆ) ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿಯನ್ನು ಬರೆದಿದ್ದೇನೆ.

ಮೊದಲನೆಯದು ಪರದೆ ಆರುವುದು. ಇದರಲ್ಲಿ ಮಾನಿಟರ್ ಮಾತ್ರ ಕತ್ತಲಾಗುತ್ತದೆ. ಯಂತ್ರದೊಳಗಿನ ಕೆಲಸ ಎಂದಿನಂತೆ ನಡೆಯುತ್ತದೆ. ಎರಡನೆಯದು ಬೀಗ. ಪಾಸ್‌ವರ್ಡ್ ಕೊಡದೆ ಯಾರೂ ನಮ್ಮ ಕಡತಗಳನ್ನು ನೋಡದಂತೆ ತಡೆಯುವುದಷ್ಟೇ ಇದರ ಕೆಲಸ. ಬೀಗ ಬಿದ್ದರೂ ಡೌನ್‌ಲೋಡ್ ನಿಲ್ಲುವುದಿಲ್ಲ. ಮೂರನೆಯದಾದ ನಿದ್ದೆ, ಅಂದರೆ ಸಸ್ಪೆಂಡ್, ಇವೆರಡಕ್ಕಿಂತ ಆಳವಾದದ್ದು. ಆಗ ಪ್ರೊಸೆಸರ್ ಮತ್ತು ಡಿಸ್ಕ್ ಕೆಲಸ ನಿಲ್ಲಿಸುತ್ತವೆ, ನೆಟ್‌ವರ್ಕ್ ಸಂಪರ್ಕ ಕಡಿಯುತ್ತದೆ, ತೆರೆದಿಟ್ಟ ಕೆಲಸವೆಲ್ಲ ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಉಳಿಯುತ್ತದೆ ಮತ್ತು ಆ ರ‍್ಯಾಮ್‌ಗಷ್ಟೇ ಸ್ವಲ್ಪ ವಿದ್ಯುತ್ ಹರಿಯುತ್ತಿರುತ್ತದೆ.

ಈ ಕೊನೆಯ ಮಾತು ನಮ್ಮ ಊರಿನವರಿಗೆ ಬಹಳ ಮುಖ್ಯ. ಮಳೆಗಾಲದ ಆಟಿ ತಿಂಗಳ ಗಾಳಿಮಳೆಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕರೆಂಟು ಹೋದರೆ, ಸಸ್ಪೆಂಡ್ ಆಗಿರುವ ಲ್ಯಾಪ್‌ಟಾಪ್ ಬ್ಯಾಟರಿಯ ಬಲದಿಂದ ಉಳಿದುಕೊಳ್ಳುತ್ತದೆ; ಆದರೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಯಂತ್ರದಲ್ಲಿ ರ‍್ಯಾಮ್ ಆ ಕ್ಷಣವೇ ಖಾಲಿಯಾಗುತ್ತದೆ ಮತ್ತು ಸೇವ್ ಮಾಡದ ಬರಹವೆಲ್ಲ ಅದರೊಂದಿಗೇ ಹೋಗುತ್ತದೆ. ನಾನು ಊಟಕ್ಕೆ ಎದ್ದು ಹೋದಾಗ ಯಂತ್ರ ತಾನಾಗಿ ಸಸ್ಪೆಂಡ್ ಆಗಿ, ಅಷ್ಟರಲ್ಲಿ ಕರೆಂಟು ಹೋಗಿ, ಎರಡು ಪುಟದ ಅನುವಾದವನ್ನು ಕಳೆದುಕೊಂಡ ಮೇಲೆ ಇದು ನನಗೆ ಚೆನ್ನಾಗಿ ಮನದಟ್ಟಾಯಿತು. ಹೈಬರ್ನೇಟ್ ಎಂಬ ಇನ್ನೊಂದು ವಿಧಾನದಲ್ಲಿ ರ‍್ಯಾಮ್‌ನ ವಿಷಯವನ್ನು ಡಿಸ್ಕ್‌ನ ಸ್ವಾಪ್ ಜಾಗಕ್ಕೆ ಬರೆದು ಯಂತ್ರ ಪೂರ್ತಿ ಆರುವುದರಿಂದ ಈ ಅಪಾಯವಿಲ್ಲ. ಆದರೆ ಉಬುಂಟುವಿನ ಮೆನುವಿನಲ್ಲಿ ಅದು ಸಾಮಾನ್ಯವಾಗಿ ಕಾಣಿಸುವುದಿಲ್ಲ, ಅದಕ್ಕೆ ಸಾಕಷ್ಟು ದೊಡ್ಡ ಸ್ವಾಪ್ ಜಾಗವೂ ಬೇಕು. ಆದ್ದರಿಂದ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಸ್ವಯಂಚಾಲಿತ ಸಸ್ಪೆಂಡನ್ನು ನಿಲ್ಲಿಸಿ, ಪರದೆ ಆರುವುದನ್ನು ಮಾತ್ರ ಉಳಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ಗಡಿಯಾರಗಳ ಲೆಕ್ಕ. ಸೆಟ್ಟಿಂಗ್ಸ್‌ನ ಪವರ್ ಪುಟದಲ್ಲಿ ಪರದೆ ಆರುವ ಸಮಯವೂ ಸ್ವಯಂಚಾಲಿತ ಸಸ್ಪೆಂಡಿನ ಸಮಯವೂ ಇರುತ್ತವೆ. ಸಸ್ಪೆಂಡಿಗೆ ಬ್ಯಾಟರಿಯಲ್ಲಿರುವಾಗ ಒಂದು, ಚಾರ್ಜರ್ ಹಾಕಿರುವಾಗ ಇನ್ನೊಂದು ಎಂದು ಎರಡು ಆಯ್ಕೆಗಳಿವೆ. ಬೀಗದ ಆಯ್ಕೆ ಮಾತ್ರ ಅಲ್ಲಿಲ್ಲ, ಅದು ಪ್ರೈವಸಿ ವಿಭಾಗದ ಸ್ಕ್ರೀನ್ ಲಾಕ್ ಪುಟದಲ್ಲಿದೆ. ಹೊಸಬರು ತಡವರಿಸುವುದು ಹೆಚ್ಚಾಗಿ ಇಲ್ಲಿಯೇ. ಪರದೆ ಆರುವ ಸಮಯವನ್ನು ಕೊನೆಯ ಸಲ ಕೀಲಿ ಒತ್ತಿದ ಅಥವಾ ಮೌಸ್ ಅಲುಗಾಡಿಸಿದ ಗಳಿಗೆಯಿಂದ ಎಣಿಸಲಾಗುತ್ತದೆ. ಸಸ್ಪೆಂಡಿನ ಸಮಯವನ್ನೂ ಹಾಗೆಯೇ. ಬೀಗದ ಸಮಯ ಮಾತ್ರ ಪರದೆ ಆರಿದ ಮೇಲೆ ಆರಂಭವಾಗುತ್ತದೆ. ಪರದೆಗೆ 5 ನಿಮಿಷ, ಬೀಗಕ್ಕೆ 2 ನಿಮಿಷ, ಸಸ್ಪೆಂಡಿಗೆ 20 ನಿಮಿಷ ಎಂದು ಇಟ್ಟರೆ, ಕೈ ತೆಗೆದ 5ನೆಯ ನಿಮಿಷಕ್ಕೆ ಪರದೆ ಆರುತ್ತದೆ, 7ನೆಯ ನಿಮಿಷಕ್ಕೆ ಬೀಗ ಬೀಳುತ್ತದೆ, 20ನೆಯ ನಿಮಿಷಕ್ಕೆ ಯಂತ್ರ ಮಲಗುತ್ತದೆ. ಪರದೆಯನ್ನು ಆರದಂತೆ ಇಟ್ಟರೆ ಬೀಗವೂ ತಾನಾಗಿ ಬೀಳುವುದಿಲ್ಲ. ಆಗ ಸೂಪರ್ ಕೀಲಿಯೊಂದಿಗೆ (ಹೆಚ್ಚಿನ ಕೀಲಿಮಣೆಗಳಲ್ಲಿ ವಿಂಡೋಸ್ ಗುರುತಿರುವ ಕೀಲಿ) ಎಲ್ ಅಕ್ಷರವನ್ನು ಒತ್ತಿ ನಾವೇ ಬೀಗ ಹಾಕಬೇಕು.

ದೊಡ್ಡ ಪಿಡಿಎಫ್ ಓದುವವರಿಗೆ ಪರದೆಯ ಸಮಯ ಚಿಕ್ಕದೆನಿಸಬಹುದು. ನಾನು ಬಳಸುವ ಆವೃತ್ತಿಯ ಪಟ್ಟಿಯಲ್ಲಿ 15 ನಿಮಿಷಕ್ಕಿಂತ ಮೇಲಿನ ಆಯ್ಕೆ ಇಲ್ಲ, ಅಲ್ಲಿಂದ ಮುಂದಿರುವುದು ಎಂದೂ ಆರದಿರುವುದು ಮಾತ್ರ. 30 ನಿಮಿಷ ಬೇಕಿದ್ದರೆ ಡಿಕಾನ್ಫ್ ಎಡಿಟರ್ ಎಂಬ ಉಪಕರಣವನ್ನು ಹಾಕಿಕೊಂಡು, ಆರ್ಗ್, ಗ್ನೋಮ್, ಡೆಸ್ಕ್‌ಟಾಪ್, ಸೆಷನ್ ಎಂಬ ಫೋಲ್ಡರ್‌ಗಳನ್ನು ಒಂದರೊಳಗೊಂದು ತೆರೆದು, ಐಡಲ್-ಡಿಲೇ ಎಂಬ ಬೆಲೆಯನ್ನು 1800 ಎಂದು ಬದಲಾಯಿಸಬೇಕು. ಅಲ್ಲಿ ಎಣಿಕೆ ಸೆಕೆಂಡುಗಳಲ್ಲಿರುತ್ತದೆ. ಮೂಲ ಬೆಲೆ 300, ಸೊನ್ನೆ ಹಾಕಿದರೆ ಎಂದೂ ಆರದು.

ಯಂತ್ರದ ದೃಷ್ಟಿಯಲ್ಲಿ ಬಿಡುವು ಎಂದರೆ ಕೀಲಿಮಣೆ ಮತ್ತು ಮೌಸ್ ಮುಟ್ಟದಿರುವುದು ಎಂದಷ್ಟೇ ಅರ್ಥ. ವಿಡಿಯೋ ಆಡಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಪರದೆ ಆರಿಸಬೇಡ ಎಂಬ ತಡೆಕೋರಿಕೆಯನ್ನು ತಾವೇ ಸಲ್ಲಿಸುವುದರಿಂದ ಪಾಠ ನೋಡುವಾಗ ಪರದೆ ಆರುವುದಿಲ್ಲ. ಆದರೆ ಟರ್ಮಿನಲ್‌ನಲ್ಲಿ (ಆದೇಶಗಳನ್ನು ಬರೆದು ಕೊಡುವ ಕಿಟಕಿ) ದೊಡ್ಡ ಕಡತವೊಂದು ನಕಲಾಗುತ್ತಿದ್ದರೆ ಅಂಥ ಕೋರಿಕೆ ಹೋಗುವುದಿಲ್ಲ, ಸಮಯವಾದಾಗ ಯಂತ್ರ ಮಲಗಿಯೇ ಮಲಗುತ್ತದೆ. ಅಂಥ ಕೆಲಸ ಮುಗಿಯುವವರೆಗೆ ಸ್ವಯಂಚಾಲಿತ ಸಸ್ಪೆಂಡನ್ನು ನಿಲ್ಲಿಸಿಡುವುದು ಸರಳವಾದ ದಾರಿ.

ಗ್ರಂಥಾಲಯದಲ್ಲಿ ಹಲವರು ಬಳಸುವ ಕಂಪ್ಯೂಟರ್ ನೋಡಿಕೊಳ್ಳುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಇಲ್ಲಿ ಹೇಳಿದ ಬದಲಾವಣೆಗಳು ಆಯಾ ಬಳಕೆದಾರರ ಖಾತೆಗೆ ಮಾತ್ರ ಅನ್ವಯಿಸುತ್ತವೆ, ಲಾಗಿನ್ ಪರದೆಗೆ ಅದರದೇ ಆದ ಪ್ರತ್ಯೇಕ ಸೆಟ್ಟಿಂಗ್ ಇರುತ್ತದೆ. ಎಲ್ಲರೂ ಲಾಗೌಟ್ ಆಗಿ ಹೋದ ಮೇಲೆ ಯಂತ್ರ ತಾನಾಗಿ ಮಲಗಿದರೆ, ಅದು ಲಾಗಿನ್ ಪರದೆಯ ಗಡಿಯಾರದ ಕೆಲಸ.

ಎರಡು ಮೂರು ಲಿಪಿಗಳಲ್ಲಿ ಬರೆಯುವ ನಮಗೆ ಬೀಗದ ಪರದೆಯಲ್ಲಿ ಒದಗುವ ವಿಶೇಷ ಕಷ್ಟವೊಂದಿದೆ. ಕನ್ನಡ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದಲ್ಲಿ ಬರೆಯುತ್ತಿರುವಾಗ ಬೀಗ ಬಿದ್ದರೆ, ಕೀಲಿಮಣೆ ಕನ್ನಡದಲ್ಲೇ ಉಳಿದಿರಬಹುದು. ಪಾಸ್‌ವರ್ಡ್ ಬರೆದಾಗ ಚುಕ್ಕೆಗಳಷ್ಟೇ ಕಾಣುವುದರಿಂದ ಒಳಗೆ ಕನ್ನಡ ಅಕ್ಷರಗಳು ಬಿದ್ದದ್ದು ತಿಳಿಯುವುದಿಲ್ಲ, ಸರಿಯಾದ ಪಾಸ್‌ವರ್ಡ್ ಕೂಡ ತಪ್ಪೆಂದು ಬರುತ್ತದೆ. ಆಗ ಗಾಬರಿಯಾಗಿ ಯಂತ್ರವನ್ನು ಆರಿಸಬಾರದು. ಪರದೆಯ ಮೇಲ್ತುದಿಯಲ್ಲಿರುವ ಭಾಷೆಯ ಗುರುತನ್ನು ಒತ್ತಿ ಇಂಗ್ಲಿಷನ್ನು ಆರಿಸಿಕೊಂಡು ಮತ್ತೆ ಬರೆಯಬೇಕು. ಕನ್ನಡದ ಜೊತೆಗೆ ಮಲಯಾಳದ ವಿನ್ಯಾಸವನ್ನೂ ಸೇರಿಸಿಕೊಂಡವರು ಆ ಗುರುತನ್ನು ಮೊದಲೇ ನೋಡಿಕೊಳ್ಳುವ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು.

ಕೆಲವು ಹಳೆಯ ಲ್ಯಾಪ್‌ಟಾಪ್‌ಗಳು ಸಸ್ಪೆಂಡ್ ಆಗುತ್ತವೆ, ಆದರೆ ಸರಿಯಾಗಿ ಏಳುವುದಿಲ್ಲ. ಗ್ರಾಫಿಕ್ಸ್ ಡ್ರೈವರ್‌ನ ದೋಷ ಇದಕ್ಕೆ ಸಾಮಾನ್ಯ ಕಾರಣಗಳಲ್ಲೊಂದು. ಹೀಗಾಗಿ ಹೊಸದಾಗಿ ಹೊಂದಿಸಿದ ಯಂತ್ರದಲ್ಲಿ ಎಲ್ಲ ಕೆಲಸವನ್ನೂ ಸೇವ್ ಮಾಡಿ, ಪವರ್ ಮೆನುವಿನಿಂದ ಕೈಯಾರೆ ಸಸ್ಪೆಂಡ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸಿ ನೋಡಬೇಕು. ಒಮ್ಮೆ ಎದ್ದಿತೆಂದು ನಂಬದೆ ಎರಡು ಮೂರು ಸಲವಾದರೂ ಪರೀಕ್ಷಿಸಬೇಕು. ಏಳದಿದ್ದರೆ ಬ್ಯಾಟರಿ ಮತ್ತು ಚಾರ್ಜರ್ ಎರಡೂ ಸ್ಥಿತಿಗಳಲ್ಲಿ ಸಸ್ಪೆಂಡನ್ನು ನಿಲ್ಲಿಸಬೇಕು. ಅಷ್ಟು ಮಾಡಿದರೂ ಮುಚ್ಚಳ ಮುಚ್ಚಿದಾಗ ಯಂತ್ರ ಮಲಗುತ್ತದೆ, ಏಕೆಂದರೆ ಮುಚ್ಚಳದ ಉಸ್ತುವಾರಿ ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ವ್ಯವಸ್ಥೆಯ ಲಾಗಿನ್‌ಡಿ ಎಂಬ ಸೇವೆಯದು. ಆ ಸೇವೆಯ ಸಂರಚನಾ ಕಡತದಲ್ಲಿ ಹ್ಯಾಂಡಲ್-ಲಿಡ್-ಸ್ವಿಚ್ ಎಂಬ ಪದಗಳನ್ನು ಕೂಡಿಸಿ ಬರೆದ ಸಾಲನ್ನು ಹುಡುಕಿ, ಸಾಲಿನ ಮುಂದಿರುವ ಹ್ಯಾಶ್ ಗುರುತನ್ನು ಅಳಿಸಿ, ಸಸ್ಪೆಂಡ್ ಎಂದಿರುವಲ್ಲಿ ಇಗ್ನೋರ್ ಅಥವಾ ಲಾಕ್ ಎಂದು ಬರೆಯಬೇಕು. ಇಗ್ನೋರ್ ಎಂದರೆ ಮುಚ್ಚಳ ಮುಚ್ಚಿದ್ದನ್ನು ಲಾಗಿನ್‌ಡಿ ಲೆಕ್ಕಿಸುವುದಿಲ್ಲ, ಲಾಕ್ ಎಂದರೆ ಬೀಗ ಮಾತ್ರ ಬೀಳುತ್ತದೆ. ಈ ಕಡತವನ್ನು ತಿದ್ದಲು ನಿರ್ವಾಹಕರ ಅಧಿಕಾರ ಬೇಕು, ಬದಲಾವಣೆ ಜಾರಿಗೆ ಬರಲು ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡುವುದು ಕ್ಷೇಮ. ಹೀಗೆ ಬದಲಾಯಿಸಿದ ಲ್ಯಾಪ್‌ಟಾಪನ್ನು ಮುಚ್ಚಳ ಮುಚ್ಚಿ ಹಾಗೆಯೇ ಚೀಲಕ್ಕೆ ಹಾಕಬಾರದು. ಒಳಗೆ ಅದು ಓಡುತ್ತಲೇ ಇದ್ದು ಬಿಸಿಯೇರುವುದರಿಂದ, ಹೊರಡುವ ಮೊದಲು ಪೂರ್ತಿ ಶಟ್‌ಡೌನ್ ಮಾಡಬೇಕು.